ಒಂದು ದಿನಕ್ಕೆ ಒಂದು ಊರು

ಕೋಶವನ್ನು ಓದಬೇಕು, ದೇಶವನ್ನು ಸುತ್ತಬೇಕು ಎಂದು ಹಿರಿಯರು ಹೇಳಿ ಹೋದರು. ಈ ಎರಡಕ್ಕೂ ಬೇಕಾದ ಬಿಡುವನ್ನು ಎಲ್ಲಿಂದ ತರಬೇಕೆಂಬುದನ್ನು ಮಾತ್ರ ಅವರು ಹೇಳಲಿಲ್ಲ. ಪಟ್ಟಣವಾಸಿಗೆ ವಾರದಲ್ಲಿ ಸಿಕ್ಕುವುದು ಒಂದು ಭಾನುವಾರ. ಅದರಲ್ಲಿಯೂ ಅರ್ಧವನ್ನು ಬಟ್ಟೆಬರೆ, ಸಂತೆ, ನೆಂಟರಿಷ್ಟರು ಹಂಚಿಕೊಳ್ಳುತ್ತಾರೆ. ಹೀಗೆ ಅಪರೂಪಕ್ಕೆ ಇಡಿಯಾಗಿ ಕೈಗೆ ಬಂದ ಒಂದು ದಿನವನ್ನು ಯಾವ ಊರಿಗೆ ಒಪ್ಪಿಸಬೇಕೆಂಬ ಪ್ರಶ್ನೆ ಮೇಲ್ನೋಟಕ್ಕೆ ಕಿರಿದಾಗಿ ಕಂಡರೂ ನಿಜವಾಗಿ ಕಿರಿದಲ್ಲ. ಹೋಗುವುದು ಸುಲಭ, ಎಲ್ಲಿಗೆ ಎಂದು ಗೊತ್ತುಮಾಡುವುದು ಕಷ್ಟ. ಯಾವುದನ್ನು ನೋಡಬೇಕೆಂಬುದರ ಜೊತೆಗೆ ಯಾವುದನ್ನು ಬಿಡಬೇಕೆಂಬುದನ್ನೂ ಅಲ್ಲಿ ನಿರ್ಧರಿಸಬೇಕಾಗುತ್ತದೆ.

ಹುಬ್ಬಳ್ಳಿ-ಧಾರವಾಡಗಳಲ್ಲಿ ನೆಲಸಿದ ವಿದ್ಯಾರ್ಥಿಗೂ ಅಧ್ಯಾಪಕನಿಗೂ ಈ ಕಷ್ಟ ಉಳಿದವರಿಗಿಂತ ಹೆಚ್ಚು. ಬೇರೆ ನಗರಗಳವರಿಗೆ ನೋಡತಕ್ಕ ಹಳೆಯ ಊರು ಒಂದೋ ಎರಡೋ ಇದ್ದೀತು. ನಮಗಾದರೋ ಹುಬ್ಬಳ್ಳಿಯ ಮೇಲೆ ಕೈವಾರದ ಮೊನೆಯಿಟ್ಟು ನೂರಿಪ್ಪತ್ತು ಕಿಲೊಮೀಟರಿನ ಒಂದು ವೃತ್ತವನ್ನು ಎಳೆದರೆ, ಕನ್ನಡ ನಾಡಿನ ಹಳೆಯ ಚರಿತ್ರೆಯ ಬಹುಪಾಲು ಅದರೊಳಗೆ ಅಥವಾ ಅದರ ಅಂಚಿನಲ್ಲಿಯೇ ಬಂದು ನಿಲ್ಲುತ್ತದೆ. ಬಾದಾಮಿ, ಬನವಾಸಿ, ಹಾನಗಲ್ಲು, ಲಕ್ಷ್ಮೇಶ್ವರ, ಅಣ್ಣಿಗೇರಿ, ಗದಗು, ಲಕ್ಕುಂಡಿ, ಡಂಬಳ, ಇಟಗಿ – ಒಂದೊಂದು ಹೆಸರೂ ಒಂದೊಂದು ಗ್ರಂಥಕ್ಕೆ ಸಾಲುವಷ್ಟು ವಸ್ತುವುಳ್ಳದ್ದು. ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿ ಕನ್ನಡದ ತಿರುಳು ಎಲ್ಲಿ ಎಂದು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕಿಸುವೊಳಲು ಇಂದಿನ ಪಟ್ಟದಕಲ್ಲು. ಕೊಪಣನಗರ ಇಂದಿನ ಕೊಪ್ಪಳ. ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ನಾಲ್ಕನೆಯದಾದ ಓಂಕುಂದವೂ ಈ ಸೀಮೆಯದೇ. ನಾವು ತರಗತಿಯಲ್ಲಿ ಭೂಪಟವಿಲ್ಲದೆ ಓದುವ ಪದ್ಯಗಳಿಗೆಲ್ಲ ಇಲ್ಲಿ ನೆಲವುಂಟು, ರಸ್ತೆಯುಂಟು, ಬಸ್ಸುಂಟು.

ಇಷ್ಟು ಸಮೃದ್ಧಿಯಿರುವಲ್ಲಿ ಅತಿಯಾಸೆ ಹುಟ್ಟುವುದು ಸಹಜ. ಒಂದು ವಾಹನವನ್ನು ಗೊತ್ತುಮಾಡಿ, ಬೆಳಗಿನ ಜಾವಕ್ಕೆ ಹೊರಟು, ಒಂದೇ ದಿನದಲ್ಲಿ ಐದೋ ಆರೋ ಊರುಗಳನ್ನು ಮುಗಿಸಿ ನಡುರಾತ್ರಿಗೆ ಹಿಂದಿರುಗುವ ಪ್ರವಾಸಗಳು ನಮ್ಮ ವಿದ್ಯಾಲಯಗಳಲ್ಲಿ ವಾಡಿಕೆಯಾಗಿವೆ. ಇಂತಹ ಪ್ರವಾಸದ ಮೂರನೆಯ ಊರಿಗೆ ಬರುವ ಹೊತ್ತಿಗೆ ಹುಡುಗರಲ್ಲಿ ಅರ್ಧ ಮಂದಿ ನಿದ್ರೆಯಲ್ಲಿರುತ್ತಾರೆ. ನಾಲ್ಕನೆಯದರಲ್ಲಿ ಗುಡಿಯ ಮುಂದೆ ಸಾಲಾಗಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯಿಸಿಕೊಂಡು ಒಳಗೆ ಹೋಗದೆಯೇ ಮರಳುತ್ತಾರೆ. ವಾರ ಕಳೆದ ಮೇಲೆ ಆ ಚಿತ್ರಗಳನ್ನು ತೋರಿಸಿ ಇದು ಯಾವ ಊರಿನ ಕಂಬವೆಂದು ಕೇಳಿದರೆ ಉತ್ತರವಿಲ್ಲ. ತಪ್ಪು ಹುಡುಗರದಲ್ಲ. ಒಂದೇ ಹೊತ್ತಿನಲ್ಲಿ ಐದು ಮನೆಗಳ ಊಟ ಮಾಡಿದವನಿಗೆ ಯಾವ ಮನೆಯ ರುಚಿಯೂ ನಾಲಗೆಯಲ್ಲಿ ನಿಲ್ಲುವುದಿಲ್ಲ. ಆದಕಾರಣ ಒಂದು ದಿನಕ್ಕೆ ಒಂದು ಊರು ಸಾಕು ಎಂಬುದು ನನ್ನ ಮೊದಲನೆಯ ಸೂತ್ರ. ಆ ಒಂದು ಊರು ಯಾವುದು ಎಂಬುದೇ ಈ ಲೇಖನದ ವಿಚಾರ.

ಆಯ್ಕೆಗೆ ಕೆಲವು ಅಳತೆಗೋಲುಗಳು ಬೇಕು. ಮೊದಲನೆಯದು ಕಾಲದ ಲೆಕ್ಕ. ಬೆಳಕಿರುವ ಹನ್ನೆರಡು ಗಂಟೆಗಳಲ್ಲಿ ಹೋಗುವ ಬರುವ ದಾರಿ ನಾಲ್ಕು-ಐದು ಗಂಟೆಗಳನ್ನು ಮೀರಬಾರದು. ಮೀರಿದರೆ ನಾವು ನೋಡಿದ್ದು ರಸ್ತೆಯನ್ನೇ ಹೊರತು ಊರನ್ನಲ್ಲ. ಎರಡನೆಯದು ಕಾಲಿನ ಲೆಕ್ಕ. ಊರನ್ನು ನಡೆದು ನೋಡಲು ಸಾಧ್ಯವಾಗಬೇಕು. ಮಧ್ಯಯುಗದ ಊರುಗಳು ನಡೆಯುವವರಿಗಾಗಿ ಆದ ಊರುಗಳು; ಚಕ್ರದ ಮೇಲೆ ಕುಳಿತವನಿಗೆ ಅವು ಅರ್ಥವಾಗುವುದಿಲ್ಲ. ಮೂರನೆಯದು, ಕನ್ನಡದ ವಿದ್ಯಾರ್ಥಿಯ ಮಟ್ಟಿಗೆ ಅತಿ ಮುಖ್ಯವಾದದ್ದು: ಓದಿದ್ದು ಅಲ್ಲಿ ಕಾಣಬೇಕು, ಕಂಡದ್ದು ಹಿಂದಿರುಗಿದ ಮೇಲೆ ಓದಿಸಬೇಕು. ಕಲ್ಲೂ ಕಾವ್ಯವೂ ಕೂಡುವ ಊರು ನಮಗೆ ಬೇಕು. ನಾಲ್ಕನೆಯದು, ಅಲ್ಲಿ ಇಂದಿಗೂ ಜನ ಬಾಳುತ್ತಿರಬೇಕು. ಜನವಿಲ್ಲದ ಊರಿನಲ್ಲಿ ಕಟ್ಟಡಗಳನ್ನು ಕಾಣಬಹುದು, ಊರೆಂಬುದನ್ನು ಕಾಣಲಾಗದು.

ಈ ಕೋಲುಗಳನ್ನು ಹಿಡಿದು ಅಳೆಯುವಾಗ ಮೊದಲು ದೂರ ಸರಿಯುವುದು ಹಂಪೆ. ಸರಿಯುತ್ತದೆ ಎಂದರೆ ಕಡಿಮೆಯೆಂದು ಅರ್ಥವಲ್ಲ. ಅದು ಒಂದು ದಿನದ ಊರೇ ಅಲ್ಲ. ಒಂದು ಸಾಮ್ರಾಜ್ಯದ ರಾಜಧಾನಿಯನ್ನು ಹಗಲೂಟದ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬರುತ್ತೇನೆಂಬುದು ಉದ್ಧಟತನವಾದೀತು. ಬಾದಾಮಿ-ಪಟ್ಟದಕಲ್ಲುಗಳೂ ಅಂತೆಯೇ. ನೂರು ಕಿಲೊಮೀಟರಿಗೆ ಮಿಕ್ಕ ದಾರಿ. ತಲಪಿದ ಮೇಲೆ ಏರಬೇಕಾದ ಬೆಟ್ಟ, ಹೊಗಬೇಕಾದ ಗುಹೆಗಳು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಕಟ್ಟಡ ಕಲೆಯನ್ನು ಕಲಿಯುವವನಿಗೆ ಪಾಠಶಾಲೆಯೇ ಸರಿ. ಅವೆರಡಕ್ಕೂ ಸೇರಿ ಎರಡು ದಿನವನ್ನಾದರೂ ತೆಗೆದಿಡುವುದು ನ್ಯಾಯ.

ಬನವಾಸಿಯ ಆಕರ್ಷಣೆ ಬೇರೆಯ ಬಗೆಯದು. ಪಂಪನು ನೆನೆದು ಹಂಬಲಿಸಿದ ನಾಡೆಂಬ ಒಂದೇ ಕಾರಣಕ್ಕೆ ಕನ್ನಡಿಗರೆಲ್ಲರ ಮನಸ್ಸು ಅತ್ತ ಎಳೆಯುತ್ತದೆ. ವರದಾ ನದಿ ಊರನ್ನು ಬಳಸಿ ಹರಿಯುವ ಬಗೆ, ಮಧುಕೇಶ್ವರನ ಗುಡಿಯ ವಿಶಾಲವಾದ ಅಂಗಳ, ಮಲೆನಾಡಿನ ಅಂಚಿನ ತಂಪು ಇವೆಲ್ಲ ಮರೆಯುವಂತಹವಲ್ಲ. ಆದರೆ ಬನವಾಸಿಯ ಹೆಚ್ಚಳ ಕದಂಬರ ಕಾಲದ್ದು, ಎಂದರೆ ನಾಲ್ಕು ಐದನೆಯ ಶತಮಾನದ್ದು. ಮಧ್ಯಯುಗದ ಪಟ್ಟಣವೊಂದನ್ನು ಅರಸಿ ಹೊರಟವನಿಗೆ ಅದು ಇನ್ನೂ ಹಿಂದಿನ ಕಥೆಯನ್ನು ಹೇಳುತ್ತದೆ. ದಾರಿಯೂ ಉದ್ದ. ಹಾನಗಲ್ಲು ಸಮೀಪವೆಂಬುದು ನಿಜ. ಅಲ್ಲಿಯ ತಾರಕೇಶ್ವರನ ಗುಡಿಯಲ್ಲಿ ಮೇಲೆ ಕಣ್ಣೆತ್ತಿದರೆ ಕಾಣುವ ಕಲ್ಲಿನ ಮಹಾಪದ್ಮವನ್ನು ಕಂಡವರು ಮರೆಯಲಾರರು. ಆದರೂ ಅಲ್ಲಿ ಇಡೀ ದಿನವನ್ನು ತುಂಬುವಷ್ಟು ವಸ್ತು ಒಂದೆಡೆ ಕಲೆತು ನಿಂತಿಲ್ಲ.

ಇನ್ನು ಉಳಿಯುವುವು ಬೆಳ್ವೊಲ ಪುಲಿಗೆರೆಗಳ ಊರುಗಳು. ಶಾಸನಗಳಲ್ಲಿ ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂದು ಜೋಡಿಯಾಗಿ ಕರೆಯಿಸಿಕೊಂಡ ಈ ಎರಡು ನಾಡುಗಳಿಗಾಗಿ ರಾಷ್ಟ್ರಕೂಟರೂ ಗಂಗರೂ ಚಾಲುಕ್ಯರೂ ಹೊಯ್ಸಳರೂ ಸೇವುಣರೂ ಕಾದಿದರು. ಏಕೆ ಕಾದಿದರೆಂಬುದನ್ನು ತಿಳಿಯಬೇಕಾದರೆ ಮಾರ್ಗಶಿರದ ಹೊತ್ತಿಗೆ ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೊರಟು ಕಿಟಕಿಯಿಂದ ಹೊರಗೆ ನೋಡಬೇಕು. ಕಣ್ಣು ಹಾಯುವಷ್ಟು ದೂರ ಕಾಡಿಗೆಯಂತಹ ಎರೆಭೂಮಿ. ಅದರ ಮೇಲೆ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿ. ಮಳೆ ಒಂದು ಸಲ ಮನಸ್ಸಿಟ್ಟು ಬಂದರೆ ಮುಂದೆ ತಿಂಗಳುಗಟ್ಟಲೆ ತನ್ನೊಳಗಿನ ತೇವದಿಂದಲೇ ಪೈರನ್ನು ಸಾಕುವ ಮಣ್ಣು ಇದು. ಇಂತಹ ನೆಲವನ್ನು ಆಳುವವನ ಬೊಕ್ಕಸ ಬರಿದಾಗದು. ಗುಡಿಗಳೂ ಬಸದಿಗಳೂ ಕಾವ್ಯಗಳೂ ಕೊನೆಗೆ ಹುಟ್ಟಿದ್ದು ಈ ಕರಿಯ ಮಣ್ಣಿನಿಂದಲೇ ಎಂದರೆ ಅತಿಶಯೋಕ್ತಿಯಲ್ಲ.

ಈ ದಾರಿಯಲ್ಲಿ ಮೊದಲು ಎದುರಾಗುವುದು ಅಣ್ಣಿಗೇರಿ. ರೈಲೂ ಅಲ್ಲಿ ನಿಲ್ಲುತ್ತದೆ. ಹುಬ್ಬಳ್ಳಿಯಿಂದ ಒಂದು ಗಂಟೆಯ ದಾರಿಯೂ ಇಲ್ಲ. ಪಂಪನ ತಮ್ಮ ಜಿನವಲ್ಲಭನು ಹಾಕಿಸಿದ ಕುರಿಕ್ಯಾಲದ ಶಾಸನದಿಂದ ಅವರ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿದುಬಂದಿದೆ. ಎಂದರೆ ಆದಿಕವಿಯ ತಾಯಿಯ ತವರು ಇದು. ಕಲ್ಯಾಣದ ಚಾಲುಕ್ಯರ ಕೊನೆಯ ಅರಸು ನಾಲ್ಕನೆಯ ಸೋಮೇಶ್ವರನು ಇಲ್ಲಿಂದ ಆಳಿದನು. ಅಮೃತೇಶ್ವರನ ಗುಡಿಯ ಕಂಬಗಳ ಕಾಡು ನೋಡತಕ್ಕದ್ದೇ. ಆದರೆ ಎರಡು ಗಂಟೆಗಳಲ್ಲಿ ನೋಡುವುದೆಲ್ಲ ಮುಗಿಯುತ್ತದೆ. ಅಣ್ಣಿಗೇರಿ ಅರ್ಧ ದಿನದ ಊರು. ಮಧ್ಯಾಹ್ನದ ಮೇಲೆ ಬಿಡುವಾದ ಶನಿವಾರಕ್ಕೆ ಅದನ್ನು ಮೀಸಲಿಡಬಹುದು.

ಲಕ್ಷ್ಮೇಶ್ವರದ ಹಕ್ಕು ಇದಕ್ಕಿಂತ ಬಲವಾದದ್ದು. ಪಂಪನು ತನ್ನ ಕಾವ್ಯದ ಭಾಷೆಗೆ ಪುಲಿಗೆರೆಯ ಕನ್ನಡದ ತಿರುಳನ್ನೇ ಪ್ರಮಾಣವಾಗಿಟ್ಟುಕೊಂಡನು. ಅಲ್ಲಿಯ ಶಂಖಬಸದಿಗೂ ಸೋಮೇಶ್ವರನ ಗುಡಿಗೂ ನಡುವೆ ನಡೆದಾಡುವಾಗ ಜೈನ ಶೈವಗಳ ದೀರ್ಘ ಸಂವಾದ ಸಂಘರ್ಷಗಳೆರಡೂ ನೆನಪಿಗೆ ಬರುತ್ತವೆ. ಸೌರಾಷ್ಟ್ರದಿಂದ ಸೋಮನಾಥನನ್ನು ತಂದನೆನ್ನುವ ಆದಯ್ಯನ ಕಥೆ ಈ ಗುಡಿಗೆ ಸಂಬಂಧಿಸಿದ್ದು. ಗರ್ಭಗುಡಿಯಲ್ಲಿ ಲಿಂಗದ ಬದಲು ನಂದಿಯನ್ನೇರಿದ ಶಿವಪಾರ್ವತಿಯರ ಮೂರ್ತಿಯಿರುವುದು ಒಂದು ವಿಶೇಷ. ಭಾಷೆಯ ಇತಿಹಾಸವನ್ನೇ ಮುಖ್ಯವೆಂದು ಬಗೆವ ಅಧ್ಯಾಪಕನು ಲಕ್ಷ್ಮೇಶ್ವರವನ್ನು ಆರಿಸಿದರೆ ಅದನ್ನು ಅಲ್ಲಗಳೆಯಲು ನನಗೆ ಬಾಯಿಲ್ಲ. ಆದರೆ ತಿರುಳ್ಗನ್ನಡವು ಕಣ್ಣಿಗೆ ಕಾಣುವ ವಸ್ತುವಲ್ಲ. ಬಸ್ಸಿನಿಂದ ಇಳಿದ ಹುಡುಗನಿಗೆ ಇಂದಿನ ಪೇಟೆಯ ಗದ್ದಲದೊಳಗೆ ಅಂದಿನ ಪುಲಿಗೆರೆಯನ್ನು ಕಲ್ಪಿಸಿಕೊಳ್ಳಲು ಬಹಳಷ್ಟು ಪೂರ್ವಸಿದ್ಧತೆ ಬೇಕು.

ಗದಗಿನ ಸಂಗತಿಯೂ ಹಾಗೆಯೇ. ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಕೋಳಿವಾಡದ ನಾರಣಪ್ಪನು ಕರ್ಣಾಟ ಭಾರತ ಕಥಾಮಂಜರಿಯನ್ನು ರಚಿಸಿದನೆಂಬ ಪ್ರತೀತಿ ಇರುವ ಕಂಬವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದ ಕನ್ನಡ ಉಪಾಧ್ಯಾಯನುಂಟೆ? ತ್ರಿಕೂಟೇಶ್ವರನ ಆವರಣದಲ್ಲಿರುವ ಸರಸ್ವತಿಯ ಗುಡಿಯ ಕಂಬಗಳಲ್ಲಿ ಚಾಲುಕ್ಯ ಶಿಲ್ಪಿಯ ಉಳಿ ತನ್ನ ಪರಮಾವಧಿಯನ್ನು ಮುಟ್ಟಿದೆ. ಒಳಗಿನ ಮೂರ್ತಿ ಭಿನ್ನವಾಗಿದ್ದರೂ ಅದರ ಕುಸುರಿ ಉಳಿದಿದೆ. ಆದರೆ ಗದಗು ಇಂದು ಜಿಲ್ಲೆಯ ತಲೆಯೂರು, ಬೆಟಗೇರಿಯನ್ನು ಕೂಡಿಕೊಂಡು ಬೆಳೆದ ವ್ಯಾಪಾರದ ನಗರ. ಅಲ್ಲಿ ಮಧ್ಯಯುಗವು ಎರಡು ಪ್ರಾಕಾರಗಳ ಒಳಗೆ ಮಾತ್ರ ಉಳಿದಿದೆ. ಗೋಡೆಯಾಚೆ ಬಂದೊಡನೆ ನಾವು ಬಿಟ್ಟುಬಂದ ಹುಬ್ಬಳ್ಳಿಯಂತಹುದೇ ಇನ್ನೊಂದು ಪಟ್ಟಣ. ನಗರದಿಂದ ಬಿಡುಗಡೆ ಬಯಸಿ ಹೊರಟವನು ನಗರಕ್ಕೇ ಹೋಗಿ ಸೇರಿದಂತಾಗುತ್ತದೆ.

ಗದಗಿನಿಂದ ಕೊಪ್ಪಳದ ಹೆದ್ದಾರಿಯಲ್ಲಿ ಹನ್ನೆರಡು ಕಿಲೊಮೀಟರು ಮುಂದುವರಿದರೆ ಲಕ್ಕುಂಡಿ. ನನ್ನ ಆಯ್ಕೆ ಇದು. ಇಡಿಯ ದಾರಿ ಹುಬ್ಬಳ್ಳಿಯಿಂದ ಎಪ್ಪತ್ತು ಕಿಲೊಮೀಟರಿನಷ್ಟು. ಏಳು ಗಂಟೆಗೆ ಬಸ್ಸು ಹಿಡಿದವರು ಗದಗಿನಲ್ಲಿ ಬಸ್ಸು ಬದಲಿಸಿಯೂ ಒಂಬತ್ತೂವರೆ ಹತ್ತರ ಒಳಗೆ ಲಕ್ಕುಂಡಿಯಲ್ಲಿರಬಹುದು. ಬಡ ವಿದ್ಯಾರ್ಥಿಗೂ ಎಟಕುವ ವೆಚ್ಚ. ಈ ಅನುಕೂಲ ಸಣ್ಣ ಮಾತಲ್ಲ. ಪ್ರವಾಸದ ಹಣ ಕಟ್ಟಲಾರದೆ ಏನೋ ನೆವ ಹೇಳಿ ಮನೆಯಲ್ಲಿ ಉಳಿಯುವ ಹುಡುಗ ಹುಡುಗಿಯರು ಪ್ರತಿಯೊಂದು ತರಗತಿಯಲ್ಲಿಯೂ ಇದ್ದಾರೆ. ಎಲ್ಲರೂ ಬರಬಲ್ಲ ಊರು ಅದೇ ಕಾರಣಕ್ಕೆ ಒಂದು ತೂಕ ಹೆಚ್ಚಿನ ಊರು.

ಲಕ್ಕುಂಡಿಯ ಹಳೆಯ ಹೆಸರು ಲೊಕ್ಕಿಗುಂಡಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿ ಟಂಕಸಾಲೆಯಿದ್ದಿತು. ಇಲ್ಲಿ ಹುಟ್ಟಿದ ಹೊನ್ನಿನ ನಾಣ್ಯ ಲೊಕ್ಕಿಗದ್ಯಾಣವೆಂದು ಹೆಸರುವಾಸಿಯಾಗಿತ್ತು. 1192ರ ಹೊತ್ತಿಗೆ ಹೊಯ್ಸಳರ ಎರಡನೆಯ ವೀರಬಲ್ಲಾಳನು ಸೇವುಣರ ಭಿಲ್ಲಮನನ್ನು ಸೊರಟೂರಿನಲ್ಲಿ ಸೋಲಿಸಿ ಇದನ್ನು ತನ್ನ ನೆಲೆವೀಡಾಗಿ ಮಾಡಿಕೊಂಡನು. ದೋರಸಮುದ್ರದ ದೊರೆ ಇಷ್ಟು ಉತ್ತರಕ್ಕೆ ಬಂದು ಬೀಡುಬಿಡಬೇಕಾದರೆ ಊರಿನ ಸಿರಿ ಎಷ್ಟಿದ್ದಿರಬೇಕು! ಮುಂದೆ ಅರಸರು ಹೋದರು, ಟಂಕಸಾಲೆ ಹೋಯಿತು. ಹೊನ್ನು ಹುಟ್ಟುತ್ತಿದ್ದ ಪಟ್ಟಣ ಜೋಳ ಬೆಳೆಯುವ ಹಳ್ಳಿಯಾಯಿತು. ಆ ಕಾರಣದಿಂದಲೇ ಅದು ನಮ್ಮ ಪಾಲಿಗೆ ಉಳಿದಿದೆ. ಬೆಳೆದ ಊರು ತನ್ನ ಹಳೆಯ ಮೈಯನ್ನು ನುಂಗಿಕೊಳ್ಳುತ್ತದೆ. ಲಕ್ಕುಂಡಿಯಲ್ಲಿ ಕುಡಿಯುವ ನೀರಿಗೆ ಹೋಗುವ ಓಣಿಯಲ್ಲಿಯೇ ಹನ್ನೊಂದನೆಯ ಶತಮಾನದ ಗುಡಿ ಎದುರಾಗುತ್ತದೆ. ಮನೆಯ ಜಗಲಿಗೆ ಒರಗಿದ ಕಲ್ಲು ಯಾವುದೋ ಕಾಲದಲ್ಲಿ ಕಂಬವಾಗಿದ್ದದ್ದು ಎಂದು ನೋಡಿದೊಡನೆ ತಿಳಿಯುತ್ತದೆ. ನೂರೊಂದು ಗುಡಿ, ನೂರೊಂದು ಬಾವಿ ಎಂಬುದು ಊರವರ ಮಾತು.

ಆದರೆ ಕನ್ನಡದವರನ್ನು ಲಕ್ಕುಂಡಿಗೆ ಕರೆಯುವ ಹೆಸರು ಅರಸರದಲ್ಲ, ಒಬ್ಬ ಹೆಣ್ಣುಮಗಳದು. ಅತ್ತಿಮಬ್ಬೆ ಮಲ್ಲಪನ ಮಗಳು, ನಾಗದೇವನ ಮಡದಿ. ಗಂಡನು ಯುದ್ಧದಲ್ಲಿ ಮಡಿದಾಗ ಸವತಿಯೂ ಸ್ವಂತ ತಂಗಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗನಿಗಾಗಿ ಉಳಿದಳು. ಉಳಿದು ಮಾಡಿದ ಕೆಲಸಗಳನ್ನು ರನ್ನನು 993ರಲ್ಲಿ ಮುಗಿಸಿದ ಅಜಿತಪುರಾಣದಲ್ಲಿ ಕೊಂಡಾಡಿದ್ದಾನೆ. ಆ ಪುರಾಣವನ್ನು ಬರೆಯಿಸಿದವಳೂ ಅವಳೇ. ಮುದುವೊಳಲಿನ ಬಳೆಗಾರರ ಮನೆಯ ಹುಡುಗನೊಬ್ಬ ಕವಿಚಕ್ರವರ್ತಿಯಾದ ಕಥೆಯ ಹಿಂದೆ ಈ ತಾಯಿಯ ಕೈ ಇದೆ. ಪೊನ್ನನ ಶಾಂತಿಪುರಾಣವನ್ನು ಬರೆಯಿಸಿದವರು ಅವಳ ತಂದೆ ಮತ್ತು ಚಿಕ್ಕಪ್ಪ. ಆ ಕಾವ್ಯ ಅಳಿಯಬಾರದೆಂದು ಅವಳು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದಾರೆ.

ಸಾವಿರ ಪ್ರತಿಯೆಂದರೆ ಏನೆಂಬುದನ್ನು ಒಂದು ನಿಮಿಷ ಲೆಕ್ಕ ಹಾಕಿ ನೋಡಬೇಕು. ಓಲೆಗರಿಯನ್ನು ಹದಮಾಡಿ, ಕಂಠದಿಂದ ಅಕ್ಷರ ಕೊರೆದು, ಮಸಿ ತುಂಬಿ, ತಿದ್ದಿ ಕಟ್ಟಬೇಕಾದ ಕಾಲ ಅದು. ಒಬ್ಬ ಲಿಪಿಕಾರನು ತಿಂಗಳಿಗೆ ಒಂದು ಪ್ರತಿಯನ್ನು ಮುಗಿಸುತ್ತಾನೆಂದು ಇಟ್ಟುಕೊಂಡರೂ ಸಾವಿರ ತಿಂಗಳಾಗುತ್ತದೆ. ಎಂದರೆ ಎಂಬತ್ತಮೂರು ವರ್ಷ. ಒಂದು ಇಡಿಯ ಆಯುಷ್ಯಕ್ಕಿಂತ ದೊಡ್ಡದು. ಎಷ್ಟು ಮಂದಿ ಕುಳಿತು ಬರೆದರೋ, ಅವರ ಊಟ ವಸತಿಗಳನ್ನು ಯಾರು ನಡೆಸಿದರೋ! ಅಚ್ಚಿನ ಯಂತ್ರ ಬರುವುದಕ್ಕೆ ಶತಮಾನಗಳ ಮುನ್ನ ಪುಸ್ತಕವೆಂಬುದು ಎಲ್ಲರಿಗೂ ತಲಪಬೇಕಾದ ವಸ್ತು ಎಂದು ಬಗೆದವಳು ಅವಳು. ಗುಡಿ ಕಟ್ಟಿಸಿದವರು ನಮ್ಮ ನಾಡಿನಲ್ಲಿ ಬಹಳ. ಗ್ರಂಥವನ್ನು ಹೀಗೆ ಕಾಪಾಡಿದವರು ಎಷ್ಟು ಮಂದಿ?

ಅವಳು ಕಟ್ಟಿಸಿದ ಬ್ರಹ್ಮಜಿನಾಲಯ ಲಕ್ಕುಂಡಿಯಲ್ಲಿ ನಿಂತಿದೆ. 1007ರ ಶಾಸನ ಅವಳ ಕೀರ್ತಿಯನ್ನು ವಿಸ್ತಾರವಾಗಿ ಹೇಳುತ್ತದೆ. ಆಗ ಆಳುತ್ತಿದ್ದವನು ಇರಿವಬೆಡಂಗ ಸತ್ಯಾಶ್ರಯ. ರನ್ನನ ಗದಾಯುದ್ಧದಲ್ಲಿ ಭೀಮನೊಡನೆ ಒಂದಾಗಿ ಬೆರೆತ ಅರಸು ಅವನೇ. ಹೀಗೆ ತರಗತಿಯಲ್ಲಿ ಬಿಡಿಬಿಡಿಯಾಗಿ ಬಂದ ಹೆಸರುಗಳು – ಪೊನ್ನ, ರನ್ನ, ಅತ್ತಿಮಬ್ಬೆ, ಸತ್ಯಾಶ್ರಯ – ಒಂದು ಬಸದಿಯ ಮುಂದೆ ಬಂದು ಒಂದೇ ಮನೆತನದ ನೆಂಟರಂತೆ ಕೂಡಿ ನಿಲ್ಲುತ್ತವೆ. ಎರಡು ವರ್ಷಗಳ ಹಿಂದೆ ನನ್ನೊಡನೆ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಬಹಳ ಹೊತ್ತು ಸುಮ್ಮನಿದ್ದು, ಇವರೆಲ್ಲ ನಿಜವಾಗಿಯೂ ಇದ್ದವರೇ ಎಂದು ಕೇಳಿದಳು. ಅವಳು ಅತ್ತಿಮಬ್ಬೆಯ ವಿಷಯವಾಗಿ ಹತ್ತು ಅಂಕದ ಉತ್ತರ ಬರೆದವಳು. ಪುಸ್ತಕದಲ್ಲಿ ಇರುವವರು ನಮ್ಮ ಹಾಗೆ ನೆಲದ ಮೇಲೆ ನಡೆದವರಲ್ಲ ಎಂಬ ಭಾವನೆಯನ್ನು ನಮ್ಮ ಬೋಧನೆ ಎಷ್ಟು ಗಟ್ಟಿಯಾಗಿ ಬಿತ್ತಿದೆಯೆಂಬುದು ಆ ಪ್ರಶ್ನೆಯಿಂದ ತಿಳಿಯುತ್ತದೆ. ಒಂದು ದಿನದ ಪ್ರವಾಸ ಅಷ್ಟನ್ನು ಕಿತ್ತುಹಾಕಿದರೂ ಸಾಕು.

ಬಸದಿಯಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬಾದಾಮಿ ಪಟ್ಟದಕಲ್ಲುಗಳ ಗುಡಿಗಳು ಕೆಂಪಾದ ಮರಳುಗಲ್ಲಿನವು. ಇಲ್ಲಿ ಶಿಲ್ಪಿಯು ಬಳಪದ ಕಲ್ಲನ್ನು ಹಿಡಿದಿದ್ದಾನೆ. ಈ ಬದಲಾವಣೆಯ ಮೊದಲ ನಿದರ್ಶನಗಳಲ್ಲಿ ಲಕ್ಕುಂಡಿಯ ಬಸದಿ ಒಂದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಬಿದ್ದಂತೆ ಗಡುಸು. ಕಣ ಅತಿ ನಯವಾದದ್ದರಿಂದ ಕೂದಲೆಳೆಯ ಕೆಲಸಕ್ಕೂ ಒಗ್ಗುತ್ತದೆ. ಕಂಬಗಳನ್ನು ಚರಕಿಯಲ್ಲಿಟ್ಟು ಬಳೆಯಂತೆ, ಗಂಟೆಯಂತೆ ಕಡೆಯಲು ಸಾಧ್ಯವಾದದ್ದೂ, ಮುಂದೆ ಹೊಯ್ಸಳರ ಶಿಲ್ಪಿಗಳು ಬೇಲೂರು ಹಳೇಬೀಡುಗಳಲ್ಲಿ ಕಲ್ಲನ್ನು ದಂತದಂತೆ ಬಿಡಿಸಲು ಸಾಧ್ಯವಾದದ್ದೂ ಈ ಕಲ್ಲಿನಿಂದ. ಹಳೆಯದಾದ ಈ ಬಸದಿಯ ಹೊರಗೋಡೆ ಸರಳ, ಗಂಭೀರ. ಒಳಗೆ ನಾಲ್ಮೊಗದ ಬ್ರಹ್ಮನೂ ಪದ್ಮಾವತಿಯೂ ಮಂಟಪದ ಅರೆಬೆಳಕಿನಲ್ಲಿ ನಿಂತಿದ್ದಾರೆ. ಬಿಸಿಲಿನಿಂದ ಒಳಗೆ ಬಂದವರಿಗೆ ಅವರ ಮುಖ ಕೂಡಲೇ ಕಾಣದು. ಕಣ್ಣು ಹೊಂದಿಕೊಳ್ಳುವವರೆಗೆ ನಿಲ್ಲಬೇಕು. ಅವಸರದ ಪ್ರವಾಸಿಗನು ಕಾಣದೆ ಹೋಗುವುದು ಇಂತಹದನ್ನೇ.

ಅಲ್ಲಿಂದ ಕಾಶೀವಿಶ್ವೇಶ್ವರನ ಗುಡಿಗೆ ಬಂದರೆ ಕಲೆಯ ಇನ್ನೊಂದು ವಯಸ್ಸು ಕಾಣುತ್ತದೆ. ಪಡುವಣಲ್ಲಿ ಶಿವ, ಮೂಡಣಲ್ಲಿ ಅವನಿಗೆ ಎದುರಾಗಿ ಸೂರ್ಯ. ನಡುವೆ ಬಯಲು ಜಗಲಿ. ಬಾಗಿಲುವಾಡಗಳಲ್ಲಿ ಒಂದರೊಳಗೊಂದು ಅಡಕವಾದ ಪಟ್ಟಿಕೆಗಳು. ಒಂದೊಂದರಲ್ಲಿಯೂ ಬಳ್ಳಿ, ಹಕ್ಕಿ, ಗಂಧರ್ವರು. ಹಲವು ಮುಖಗಳು ಒಡೆದಿವೆ, ಹಲವು ತೋಳುಗಳು ಇಲ್ಲ. ಆದರೂ ಕೆಲಸ ಸೋತಿಲ್ಲ. ಹತ್ತಿರದಲ್ಲಿಯೇ ಇರುವ ನನ್ನೇಶ್ವರನ ಗುಡಿ ಇದೇ ಪದ್ಧತಿಯ ಸರಳವಾದ ರೂಪ. ಹೆನ್ರಿ ಕಸಿನ್ಸರು 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತು ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಲಕ್ಕುಂಡಿಗೆ ಗೌರವದ ಸ್ಥಾನವಿದೆ. ಮೂರು ಗುಡಿಗಳನ್ನು ಇದೇ ಅನುಕ್ರಮದಲ್ಲಿ – ಬಸದಿ, ನನ್ನೇಶ್ವರ, ಕಾಶೀವಿಶ್ವೇಶ್ವರ – ನಡೆದು ನೋಡಿದವನಿಗೆ ಒಂದು ಶೈಲಿ ಹುಟ್ಟಿ ಬೆಳೆದು ತುಂಬಿ ಬಂದ ಬಗೆ ಯಾರೂ ಬೋಧಿಸದೆ ಅರ್ಥವಾಗುತ್ತದೆ. ನಡಿಗೆ ಒಟ್ಟು ಒಂದೆರಡು ಕಿಲೊಮೀಟರನ್ನು ಮೀರದು.

ಮಧ್ಯಾಹ್ನದ ಬಿಸಿಲಿಗೆ ಬಾವಿಗಳೇ ತಕ್ಕ ಜಾಗ. ಮಾಣಿಕೇಶ್ವರನ ಗುಡಿಯ ಮುಂದಿನ ಮುಸುಕಿನ ಬಾವಿಯಲ್ಲಿ ಮೆಟ್ಟಿಲುಗಳು ಹಂತಹಂತವಾಗಿ ಇಳಿಯುತ್ತವೆ. ನಡುನಡುವೆ ಗೋಡೆಯಲ್ಲಿ ಚಿಕ್ಕ ಗೂಡುಗುಡಿಗಳು. ಕನ್ನೆಬಾವಿಯ ಹೆಸರೂ ಊರಲ್ಲಿ ಪ್ರಸಿದ್ಧ. ಬೆಳ್ವೊಲಕ್ಕೆ ದೊಡ್ಡ ಹೊಳೆಯಿಲ್ಲ, ಮಳೆ ನೆಚ್ಚತಕ್ಕದ್ದಲ್ಲ. ನೀರನ್ನು ಮಣ್ಣಿನೊಳಗೆ ಹುಡುಕಿ, ಕಲ್ಲು ಕಟ್ಟಿ, ದೇವರನ್ನು ಕಾವಲಿಟ್ಟು ಉಳಿಸಿಕೊಂಡ ಜನ ಇವರು. ಅತ್ತಿಮಬ್ಬೆಯ ಮಹಿಮೆಗಳಲ್ಲಿ ಗೋದಾವರಿಯ ಪ್ರವಾಹ ಅವಳಿಗೆ ದಾರಿಬಿಟ್ಟು ನಿಂತಿತೆಂಬುದು ಒಂದು. ನೀರಿಗೆ ಪ್ರತಿವರ್ಷ ಮುಗಿಲ ನೋಡುವ ನಾಡಿನ ಜನ ತಮ್ಮ ಪೂಜ್ಯಳಲ್ಲಿ ಎಂತಹ ಶಕ್ತಿಯನ್ನು ಕಂಡರೆಂಬುದು ಬಾವಿಯ ಮೆಟ್ಟಿಲ ಮೇಲೆ ಕುಳಿತು ಯೋಚಿಸಿದರೆ ವಿಚಿತ್ರವೆನಿಸದು. ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿಗಳನ್ನು ತಿನ್ನುವುದಕ್ಕೆ ನೆರಳಿನ ಮರ ಯಾವುದಾದರೂ ಸಿಕ್ಕೇ ಸಿಕ್ಕುತ್ತದೆ. ತಿಂದ ಎಲೆ ಕಾಗದಗಳನ್ನು ಚೀಲದಲ್ಲಿ ಹೊತ್ತು ತರುವುದು ನಮ್ಮ ಕೆಲಸ, ಬಾವಿ ಅದಕ್ಕಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಹೋಗಲಾರೆ. ನಾವು ಸಂಜೆಗೆ ಬಸ್ಸು ಹತ್ತುತ್ತೇವೆ. ಊರವರು ಅಲ್ಲಿಯೇ ಉಳಿಯುತ್ತಾರೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯದೆಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ಏಳಕೂಡದು. ಅದರಾಚೆಯ ಇನ್ನೂರು ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟಕೂಡದು. ಗುಡಿಗಳು ಓಣಿಗಳ ನಡುವೆಯೇ ಇರುವ ಊರಿನಲ್ಲಿ ಇದರ ಅರ್ಥವೇನು? ಮಗನ ಮದುವೆಗೆ ಒಂದು ಕೋಣೆಯನ್ನು ಹೆಚ್ಚಿಸಬೇಕೆಂಬ ರೈತನ ಆಸೆಗೂ ಸಾವಿರ ವರ್ಷದ ಕಲ್ಲಿನ ಆಯುಷ್ಯಕ್ಕೂ ನಡುವೆ ದಿನದಿನದ ಜಗ್ಗಾಟ. ಕಾಯದೆ ಬೇಡವೆನ್ನಲಾಗದು, ಅದಿಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ರೈತನು ತಪ್ಪು ಎನ್ನಲೂ ಆಗದು. ನಾವು ಮೆಚ್ಚಿ ಮರಳುವ ಸೌಂದರ್ಯದ ಬೆಲೆಯನ್ನು ತೆರುತ್ತಿರುವವರು ಅವರು. ಇಷ್ಟನ್ನು ತಿಳಿದುಕೊಂಡವನು ಅಲ್ಲಿಯ ಓಣಿಗಳಲ್ಲಿ ತುಸು ಮೆಲ್ಲಗೆ ನಡೆಯುತ್ತಾನೆ. ಮನೆಗಳ ಮುಂದೆ ನಿಂತು ಅನುಮತಿ ಕೇಳದೆ ಚಿತ್ರ ತೆಗೆಯುವುದಿಲ್ಲ. ನೀರು ಕೊಟ್ಟ ಅಜ್ಜಿಯೊಡನೆ ಎರಡು ಮಾತಾಡುತ್ತಾನೆ. ಜನ ಬಾಳುತ್ತಿರುವ ಊರೇ ಬೇಕೆಂದು ಮೊದಲಿಗೆ ನಾನು ಹೇಳಿದ್ದಕ್ಕೆ ಇದೂ ಒಂದು ಕಾರಣ. ಪರಂಪರೆಯ ಭಾರವನ್ನು ಯಾರು ಹೊರುತ್ತಾರೆಂಬುದು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಕಾಣುವುದಿಲ್ಲ.

ಲಕ್ಕುಂಡಿಗೆ ಕೊರತೆಗಳಿಲ್ಲವೆಂದು ವಾದಿಸುವುದಿಲ್ಲ. ಇಟಗಿಯ ಮಹಾದೇವಾಲಯವನ್ನು 1112ರ ಶಾಸನವೇ ದೇವಾಲಯಗಳ ಚಕ್ರವರ್ತಿಯೆಂದು ಕರೆದಿದೆ. ಒಂದೇ ಕಟ್ಟಡದ ಪರಿಪೂರ್ಣತೆಯನ್ನು ಬಯಸುವವನು ಅಲ್ಲಿಗೇ ಹೋಗಬೇಕು. ಡಂಬಳದ ದೊಡ್ಡಬಸಪ್ಪನ ಗುಡಿಯ ನಕ್ಷತ್ರಾಕಾರದ ತಳವಿನ್ಯಾಸಕ್ಕೆ ಲಕ್ಕುಂಡಿಯಲ್ಲಿ ಜೋಡಿಯಿಲ್ಲ. 1095ರಲ್ಲಿಯೂ ಅಲ್ಲಿ ತಾರಾದೇವಿಯ ಬೌದ್ಧವಿಹಾರವಿದ್ದಿತೆಂಬ ಶಾಸನದ ಸಂಗತಿಯೂ ಕುತೂಹಲಕರ. ವೈಶಾಖದಲ್ಲಿ ಲಕ್ಕುಂಡಿಯ ಬಿಸಿಲು ಸಹಿಸತಕ್ಕದ್ದಲ್ಲ. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಕಾಲ ಮೇಲು. ಆದರೆ ಕಾಲ, ಕಾಲ್ನಡಿಗೆ, ಕಾವ್ಯ, ಜನ ಈ ನಾಲ್ಕು ಅಳತೆಗಳಿಗೂ ಒಟ್ಟಿಗೆ ಒದಗುವ ಊರು ನನಗೆ ಬೇರೊಂದು ಕಾಣದು. ಉಳಿದವುಗಳನ್ನು ಕೈಬಿಟ್ಟೆನೆಂದು ವಾಚಕರು ತಿಳಿಯಬಾರದು. ಒಂದೊಂದಕ್ಕೂ ಒಂದೊಂದು ಭಾನುವಾರ ಬಾಕಿ ಇದೆ ಎಂದಿಷ್ಟೇ ಅರ್ಥ.

ಹೋಗುವವರು ಹಿಂದಿನ ರಾತ್ರಿ ಅಜಿತಪುರಾಣದಲ್ಲಿ ಅತ್ತಿಮಬ್ಬೆಯ ಭಾಗವನ್ನು ಒಮ್ಮೆ ಓದಿಕೊಳ್ಳಲಿ. ಹಳಗನ್ನಡ ಕಷ್ಟವೆನಿಸಿದರೆ ಗದ್ಯಾನುವಾದವಾದರೂ ಆದೀತು. ಒಂದು ಸಣ್ಣ ಟಿಪ್ಪಣಿ ಪುಸ್ತಕ ಜೊತೆಗಿರಲಿ. ಬಸದಿಯಲ್ಲಿ ಅರ್ಧ ಗಂಟೆ ಯಾರೊಡನೆಯೂ ಮಾತಾಡದೆ ಕುಳಿತಿರಲಿ. ಸಂಜೆ ನಾಲ್ಕರ ಮೇಲೆ ಓರೆಬಿಸಿಲು ಗೋಡೆಯ ಕೆತ್ತನೆಗಳನ್ನು ಎತ್ತಿ ತೋರಿಸುತ್ತದೆ. ಅಷ್ಟು ಹೊತ್ತಾದರೂ ನಿಂತು ಹೊರಡಲಿ. ಮನೆಗೆ ಬಂದವರು ಮರುದಿನ ಗ್ರಂಥಾಲಯಕ್ಕೆ ಹೋಗಿ ಶಾಂತಿಪುರಾಣವನ್ನು ಕೇಳಿ ತೆಗೆಯಿಸಿದರೆ, ಧೂಳು ಹಿಡಿದ ಅದರ ಹಾಳೆಗಳನ್ನು ತಿರುವಿದರೆ, ಸಾವಿರ ವರ್ಷಗಳ ಹಿಂದೆ ಹಂಚಿಹೋದ ಸಾವಿರ ಪ್ರತಿಗಳ ಜೊತೆಗೆ ಇನ್ನೊಬ್ಬ ಓದುಗ ಕೂಡಿದಂತಾಗುತ್ತದೆ.